ಮಳೆಗಾಲದಲ್ಲಿ ಟೈರ್ ಗಾಳಿ ಇಳಿಸಿದರೆ ಕಾರಿಗೆ ಹಿಡಿತ ಹೆಚ್ಚುತ್ತದೆಯೇ?

‘ಮಳೆಗಾಲದಲ್ಲಿ ಟೈರ್ ಗಾಳಿ ಸ್ವಲ್ಪ ಇಳಿಸಿ, ಹಿಡಿತ ಹೆಚ್ಚುತ್ತದೆ’, ‘ಹಿಂದಿನ ಟೈರ್‌ಗೆ ಗಾಳಿ ಕಡಿಮೆ ಇಡಿ, ತಿರುವಿನಲ್ಲಿ ಗಾಡಿ ಸಲೀಸಾಗಿ ತಿರುಗುತ್ತದೆ’. ಇಂಥ ಸಲಹೆಗಳು ನಿಮಗೂ ಬಂದಿರಬಹುದು. ವಿಜಯನಗರ, ಬಸವೇಶ್ವರನಗರದ ಒಳರಸ್ತೆಗಳಲ್ಲಿ 30 ಕಿ.ಮೀ. ವೇಗದಲ್ಲಿ ಹೋಗುವಾಗ ಇದರ ಪರಿಣಾಮ ಗೊತ್ತಾಗದೇ ಇರಬಹುದು. ಅದೇ ಕಾರು ಕೆಂಗೇರಿ ದಾಟಿ ಮೈಸೂರು ಹೆದ್ದಾರಿ ಹಿಡಿದಾಗ ಮಾತ್ರ ಲೆಕ್ಕವೇ ಬದಲಾಗುತ್ತದೆ.

ಈ ನಂಬಿಕೆ ಬಂದದ್ದು ಎಲ್ಲಿಂದ?

ಇದರಲ್ಲಿ ಚೂರು ಸತ್ಯವಿದೆ. ಮರಳಿನಲ್ಲಿ ಜೀಪು ಹೂತುಕೊಂಡರೆ ಗಾಳಿ ಇಳಿಸುತ್ತಾರೆ. ಆಗ ಟೈರ್ ಅಗಲವಾಗಿ ನೆಲಕ್ಕೆ ಕೂರುತ್ತದೆ. ರೇಸ್ ತಂಡಗಳೂ ಗಾಳಿಯ ಒತ್ತಡವನ್ನು ಒಂದೊಂದು ಅಂಕಿಯಷ್ಟು ಹೆಚ್ಚುಕಡಿಮೆ ಮಾಡಿ ಕಾರಿನ ನಡೆಯನ್ನು ತಿದ್ದಿಕೊಳ್ಳುತ್ತವೆ. ಆದರೆ ಮರಳಿನಲ್ಲಿ ವೇಗವಿರುವುದಿಲ್ಲ. ರೇಸ್ ಟ್ರ್ಯಾಕಿನಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ.

ಮುಂದೆ ಕಡಿಮೆ, ಹಿಂದೆ ಕಡಿಮೆ: ಏನಾಗುತ್ತದೆ?

ಗಾಳಿ ಕಡಿಮೆಯಾದ ಟೈರ್‌ನ ಪಕ್ಕದ ಗೋಡೆ ತಿರುವಿನಲ್ಲಿ ಹೆಚ್ಚು ಬಾಗುತ್ತದೆ. ಸಾಮಾನ್ಯವಾಗಿ ಮುಂದಿನ ಟೈರ್‌ಗಳಲ್ಲಿ ಗಾಳಿ ಕಡಿಮೆಯಿದ್ದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಡವಾಗಿ ತಿರುಗುತ್ತದೆ, ತಿರುವಿನ ಹೊರಗಡೆಗೆ ಎಳೆಯುತ್ತದೆ. ಹಿಂದಿನ ಟೈರ್‌ಗಳಲ್ಲಿ ಕಡಿಮೆಯಿದ್ದರೆ ಕಾರಿನ ಹಿಂಭಾಗವೇ ಪಕ್ಕಕ್ಕೆ ಜಾರಬಹುದು. ಎರಡನೆಯದು ಹೆಚ್ಚು ಅಪಾಯಕಾರಿ. ಹಾಗೆ ಜಾರಿದ ಕಾರನ್ನು ಹತೋಟಿಗೆ ತರುವುದು ಅನುಭವಿ ಚಾಲಕರಿಗೂ ಕಷ್ಟ.

ಮಳೆ ನೀರಿನ ಲೆಕ್ಕ

ರಸ್ತೆಯ ಮೇಲಿನ ನೀರನ್ನು ಪಕ್ಕಕ್ಕೆ ತಳ್ಳಿದರೆ ಮಾತ್ರ ಟೈರ್‌ಗೆ ನೆಲ ಸಿಗುತ್ತದೆ. ವೇಗ ಹೆಚ್ಚಾದಾಗ ಟೈರ್ ನೀರಿನ ಪದರದ ಮೇಲೇ ತೇಲಬಹುದು. ಆಗ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. 1963ರಲ್ಲಿ ನಾಸಾ ಸಂಶೋಧಕರು ವಿಮಾನದ ಟೈರ್‌ಗಳನ್ನು ಮುಖ್ಯವಾಗಿಟ್ಟುಕೊಂಡು ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ 33 ಪಿಎಸ್‌ಐ (ಬಂಕಿನಲ್ಲಿ ಗಾಳಿ ಹಿಡಿಸುವಾಗ ಹೇಳುವ ಅಂಕಿ) ಇರುವ ಟೈರ್ ಸುಮಾರು 96 ಕಿ.ಮೀ. ವೇಗದಲ್ಲಿ ತೇಲಲು ಶುರುವಾಗುತ್ತದೆ. 25ಕ್ಕೆ ಇಳಿಸಿದರೆ ಸುಮಾರು 83 ಕಿ.ಮೀ. ವೇಗದಲ್ಲೇ. ಕಾರಿಗೆ ಇದು ಅಂದಾಜು ಮಾತ್ರ. ಟೈರ್ ಸವೆದಿದ್ದರೆ ಇನ್ನೂ ಬೇಗ ತೇಲಬಹುದು. ಆದರೆ ದಿಕ್ಕು ಸ್ಪಷ್ಟ: ಗಾಳಿ ಇಳಿಸಿದಷ್ಟೂ ಅಪಾಯ ಬೇಗ ಬರುತ್ತದೆ. ಮೈಸೂರು ಹೆದ್ದಾರಿಯಲ್ಲಿ ಕಾರಿನ ವೇಗಮಿತಿ 100 ಕಿ.ಮೀ. ಎಂಬುದನ್ನು ನೆನಪಿಡಿ. ಜೋರು ಮಳೆಯಲ್ಲಿ ಆ ಮಿತಿಯೂ ಹೆಚ್ಚೇ.

ಬೇಸಿಗೆಯಲ್ಲಿ ಇಳಿಸಬಹುದೇ?

ಬೇಡ. ಬಿಸಿಯಾದಾಗ ಒತ್ತಡ ಏರುವುದು ನಿಜ: ಪ್ರತಿ 5–6 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 1 ಪಿಎಸ್‌ಐ. ಕಂಪನಿಗಳು ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಅಂಕಿ ಕೊಟ್ಟಿರುತ್ತವೆ. ಗಾಳಿ ಕಡಿಮೆಯಾದ ಟೈರ್ ಹೆಚ್ಚು ಬಾಗಿ, ಹೆಚ್ಚು ಕಾಯ್ದು, ಸಿಡಿಯುವ ಸಾಧ್ಯತೆಯೇ ಜಾಸ್ತಿ.

ಹಾಗಾದರೆ ಏನು ಮಾಡಬೇಕು?

• ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಸ್ಟಿಕ್ಕರ್ ಇರುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಅದರಲ್ಲಿದೆ. ಅಲ್ಲಿ ಕಾಣದಿದ್ದರೆ ಕಾರಿನ ಕೈಪಿಡಿ ನೋಡಿ. ಟೈರ್ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬೇಡಿ.
• ಟೈರ್ ತಣ್ಣಗಿರುವಾಗಲೇ ನೋಡಿಸಿ. ರಾಜಾಜಿನಗರದಿಂದ ಟ್ರಾಫಿಕ್‌ನಲ್ಲಿ ಕೆಂಗೇರಿವರೆಗೆ ಓಡಿಸಿ ಅಳೆದರೆ ಅಂಕಿ ಹೆಚ್ಚು ತೋರಿಸುತ್ತದೆ. ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಬೆಳಿಗ್ಗೆ ಮನೆ ಹತ್ತಿರದ ಬಂಕೇ ಸರಿ.
• ಐದು ಜನ, ಡಿಕ್ಕಿ ತುಂಬ ಲಗೇಜು ಇದ್ದರೆ ಸ್ಟಿಕ್ಕರ್‌ನಲ್ಲಿ ಪೂರ್ಣ ಭಾರಕ್ಕೆ ಕೊಟ್ಟಿರುವ ಅಂಕಿ ನೋಡಿ. ಬಹಳಷ್ಟು ಕಾರುಗಳಲ್ಲಿ ಹಿಂದಿನ ಟೈರ್‌ಗೆ ಹೆಚ್ಚು ಬೇಕಾಗುತ್ತದೆ.
• ಎಡ, ಬಲ ಟೈರ್‌ಗಳಲ್ಲಿ ಒಂದೇ ಒತ್ತಡವಿರಲಿ. ತಿಂಗಳಿಗೊಮ್ಮೆ ಸ್ಟೆಪ್ನಿಯನ್ನೂ ನೋಡಿಸಿ.
• ಟೈರ್‌ನ ಗೆರೆಗಳ ಆಳ 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು.

ಮಳೆಯಲ್ಲಿ ಇಳಿಸಬೇಕಾದ್ದು ವೇಗವನ್ನು, ಗಾಳಿಯನ್ನಲ್ಲ. ‘ಗಾಳಿ ಇಳಿಸಿ’ ಎಂಬ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸದೆ, ಬಾಗಿಲ ಸ್ಟಿಕ್ಕರ್ ನೋಡುವಂತೆ ಕಳಿಸಿದವರಿಗೇ ತಿಳಿಸಿ.