ಮಕ್ಕಳಿಗೆ ಡೆಂಗ್ಯೂ: ಜ್ವರ ಇಳಿದರೆ ಅಪಾಯ ಕಳೆದಂತೆಯೇ?

ಮಳೆಗಾಲ ಬಂತೆಂದರೆ ಡೆಂಗ್ಯೂ ಬಗ್ಗೆ ವಾಟ್ಸಾಪ್‌ ಗ್ರೂಪುಗಳಲ್ಲಿ ಸಂದೇಶಗಳು ಓಡಾಡತೊಡಗುತ್ತವೆ. ಪ್ಲೇಟ್‌ಲೆಟ್ ಎಷ್ಟಿದೆ ನೋಡಿ, ಪಪ್ಪಾಯಿ ಎಲೆಯ ರಸ ಕುಡಿಸಿ ಎನ್ನುವುದೇ ಅವುಗಳಲ್ಲಿ ಹೆಚ್ಚು. ಪೋಷಕರು ತಿಳಿದಿರಲೇಬೇಕಾದ ಒಂದು ಮಾತು ಮಾತ್ರ ಅವುಗಳಲ್ಲಿ ಸಿಗುವುದು ಅಪರೂಪ: ಡೆಂಗ್ಯೂನಲ್ಲಿ ಗಂಡಾಂತರ ಸಾಮಾನ್ಯವಾಗಿ ಬರುವುದು ಜ್ವರ ಏರಿದಾಗ ಅಲ್ಲ, ಇಳಿಯುವಾಗ.

ದೇಹದಲ್ಲಿ ಆಗುವುದೇನು?

ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯಿಂದ ಡೆಂಗ್ಯೂ ಹರಡುತ್ತದೆ. ಹೆಚ್ಚಿನ ಮಕ್ಕಳು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಕಾಯಿಲೆ ಉಲ್ಬಣಿಸುತ್ತದೆ. 1950ರ ದಶಕದಲ್ಲಿ ಫಿಲಿಪ್ಪೀನ್ಸ್ ಮತ್ತು ಥಾಯ್ಲೆಂಡ್‌ನ ಮಕ್ಕಳಲ್ಲಿ ಮೊದಲು ಗುರುತಿಸಲಾದ ಈ ರೂಪಕ್ಕೆ 'ಡೆಂಗ್ಯೂ ರಕ್ತಸ್ರಾವ ಜ್ವರ' ಎಂಬ ಹೆಸರು ಬಂತು. ವಿಶ್ವ ಆರೋಗ್ಯ ಸಂಸ್ಥೆ 2009ರಿಂದ 'ತೀವ್ರ ಡೆಂಗ್ಯೂ' ಎಂಬ ಪದವನ್ನು ಬಳಸುತ್ತಿದೆ.

ಹೆಸರಿನಲ್ಲಿ ರಕ್ತಸ್ರಾವ ಇದ್ದರೂ ಮುಖ್ಯ ಅಪಾಯ ಬೇರೆ. ಕಾಯಿಲೆಯ 3ರಿಂದ 7ನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ, ರಕ್ತದ ದ್ರವಭಾಗ (ಪ್ಲಾಸ್ಮಾ) ಸೂಕ್ಷ್ಮ ರಕ್ತನಾಳಗಳಿಂದ ಹೊರಗೆ ಸೋರುತ್ತದೆ. ಸೋರಿಕೆ ಹೆಚ್ಚಾದರೆ ಮಗು ಶಾಕ್‌ಗೆ ಹೋಗಬಹುದು. ಹೊರಗೆ ಒಂದು ಹನಿ ರಕ್ತವೂ ಕಾಣದೆ ಹೀಗಾಗಬಹುದು. ಈ 24ರಿಂದ 48 ಗಂಟೆಗಳೇ ನಿರ್ಣಾಯಕ.

ಯಾರಿಗೆ ಅಪಾಯ ಹೆಚ್ಚು?

ಡೆಂಗ್ಯೂ ವೈರಸ್‌ನಲ್ಲಿ 4 ಬಗೆಗಳಿವೆ. ಒಂದು ಬಗೆ ಬಂದು ಹೋದ ಮೇಲೆ ಇನ್ನೊಂದು ಬಗೆ ತಗುಲಿದರೆ ಕಾಯಿಲೆ ತೀವ್ರವಾಗುವ ಸಾಧ್ಯತೆ ಹೆಚ್ಚು. ಕರ್ನಾಟಕದಂತೆ ವರ್ಷವೂ ಡೆಂಗ್ಯೂ ಕಾಣಿಸಿಕೊಳ್ಳುವ ಕಡೆ 'ಒಮ್ಮೆ ಬಂದಿದೆ, ಇನ್ನು ಭಯವಿಲ್ಲ' ಎನ್ನುವುದು ತಪ್ಪು. ಒಂದು ವರ್ಷದೊಳಗಿನ ಶಿಶುಗಳಿಗೆ ಮೊದಲ ಸಲವೇ ತೀವ್ರವಾಗಬಹುದು. ತಾಯಿಯಿಂದ ಬಂದ ಪ್ರತಿಕಾಯಗಳು ಇದಕ್ಕೆ ಒಂದು ಕಾರಣ.

ನಂಬಿಕೆ: ಪಪ್ಪಾಯಿ ಎಲೆಯ ರಸ ಸಾಕು

ಈ ರಸದಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಬಹುದು ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಆದರೆ ಅದು ಪ್ಲಾಸ್ಮಾ ಸೋರಿಕೆಯನ್ನಾಗಲಿ ಶಾಕನ್ನಾಗಲಿ ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ. ರಸ ಕುಡಿಸುತ್ತಾ ಆಸ್ಪತ್ರೆಗೆ ಹೋಗುವುದನ್ನು ತಡಮಾಡುವುದೇ ದೊಡ್ಡ ಅಪಾಯ.

ನಂಬಿಕೆ: ಪ್ಲೇಟ್‌ಲೆಟ್ ಕಡಿಮೆಯಾದರೆ ಕೂಡಲೇ ಹಾಕಿಸಬೇಕು

ರಕ್ತಸ್ರಾವ ಇಲ್ಲದಿದ್ದರೆ ಬಹುತೇಕ ಮಕ್ಕಳಿಗೆ ಪ್ಲೇಟ್‌ಲೆಟ್ ಹಾಕುವ ಅಗತ್ಯ ಬೀಳುವುದಿಲ್ಲ. ವೈದ್ಯರು ಆ ಸಂಖ್ಯೆಯ ಜೊತೆಗೆ ಹಿಮಟೋಕ್ರಿಟ್, ನಾಡಿ, ರಕ್ತದೊತ್ತಡ ಮತ್ತು ಮೂತ್ರದ ಪ್ರಮಾಣವನ್ನೂ ನೋಡುತ್ತಾರೆ. ಹಿಮಟೋಕ್ರಿಟ್ ಏರುತ್ತಿದ್ದರೆ ದ್ರವ ಸೋರಿ ರಕ್ತ ಗಟ್ಟಿಯಾಗುತ್ತಿದೆ ಎಂದರ್ಥ.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

- ತೀವ್ರ ಹೊಟ್ಟೆನೋವು
- ನಿಲ್ಲದ ವಾಂತಿ
- ಮೂಗು ಅಥವಾ ಒಸಡಿನಲ್ಲಿ ರಕ್ತ, ಕಪ್ಪು ಮಲ
- ತಣ್ಣಗಾದ, ಬೆವರಿದ ಕೈಕಾಲು
- ವಿಪರೀತ ಮಂಕು ಅಥವಾ ಕಿರಿಕಿರಿ
- 4ರಿಂದ 6 ಗಂಟೆ ಮೂತ್ರ ಮಾಡದಿರುವುದು

ಮನೆಯಲ್ಲಿ ಏನು ಮಾಡಬೇಕು?

ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡಿ. ಆಸ್ಪಿರಿನ್, ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಬೇಡ. ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರದ ಕೆಲವು ಸಿರಪ್‌ಗಳಲ್ಲಿ ಇವು ಪ್ಯಾರಾಸಿಟಮಾಲ್ ಜೊತೆ ಬೆರೆತಿರುತ್ತವೆ, ಆದ್ದರಿಂದ ಬಾಟಲಿಯ ಮೇಲೆ ಬರೆದಿರುವುದನ್ನು ಓದಿ. ಓಆರ್‌ಎಸ್, ಗಂಜಿ, ಎಳನೀರು, ಎದೆಹಾಲನ್ನು ಸ್ವಲ್ಪಸ್ವಲ್ಪವಾಗಿ ಆಗಾಗ ಕೊಡುತ್ತಿರಿ.

ಜ್ವರ ಇಳಿದ ಮೇಲೆ ಮಗು ಊಟ ಕೇಳಿ, ಆಟಕ್ಕೆ ಎದ್ದು, ಚೆನ್ನಾಗಿ ಮೂತ್ರ ಮಾಡಿದರೆ ಅದು ಚೇತರಿಕೆ. ಜ್ವರ ಇಳಿದರೂ ಮಗು ಇನ್ನಷ್ಟು ಸೋತು ಮಲಗಿದರೆ 'ಸುಸ್ತಾಗಿದೆ, ನಿದ್ದೆ ಮಾಡಲಿ' ಎಂದು ಕಾಯಬೇಡಿ. ಸಮಯಕ್ಕೆ ಸರಿಯಾಗಿ ದ್ರವ ಚಿಕಿತ್ಸೆ ಸಿಕ್ಕರೆ ತೀವ್ರ ಡೆಂಗ್ಯೂನಿಂದಲೂ ಬಹುತೇಕ ಮಕ್ಕಳು ಪಾರಾಗುತ್ತಾರೆ. ಡೆಂಗ್ಯೂ ಬಗ್ಗೆ ಏನನ್ನಾದರೂ ಫಾರ್ವರ್ಡ್ ಮಾಡುವುದಿದ್ದರೆ, ಮೇಲಿನ ಆರು ಲಕ್ಷಣಗಳ ಪಟ್ಟಿಯನ್ನು ಕಳುಹಿಸಿ ಎಂಬುದು ನಮ್ಮ ಮನವಿ.