ವಾನರ ಸಂಕುಲ ಮತ್ತು ನಮ್ಮ ಮೃಗಾಲಯಗಳು

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಸುತ್ತಮುತ್ತಲಿನವರಿಗೆ ಕೋತಿಯನ್ನು ನೋಡಲು ಮೃಗಾಲಯದ ಟಿಕೆಟ್ ಬೇಕಿಲ್ಲ. ನಂದಿ ಬೆಟ್ಟ ಹತ್ತಿದ ಪ್ರವಾಸಿಗರ ಕೈಯಿಂದ ತಿಂಡಿಯ ಪೊಟ್ಟಣ ಕಸಿದು ಓಡುವ ಈ ಪ್ರಾಣಿ ಜಿಲ್ಲೆಯ ಜನರಿಗೆ ಚಿರಪರಿಚಿತ. ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಹರಡಿದ ಕೂದಲೇ ಇದರ ಗುರುತು. ಕಪ್ಪು ಮುಖದ, ಉದ್ದ ಬಾಲದ ಮುಸುವ ಇದರಿಂದ ಭಿನ್ನವಾದುದು. ತೆಲುಗು ಬೆರೆತ ಈ ಗಡಿನಾಡಿನಲ್ಲಿ ಅದಕ್ಕೆ ಕೊಂಡಮುಚ್ಚು ಎಂಬ ಹೆಸರೂ ಉಂಟು. ಬಹುತೇಕರ ವಾನರ ಪರಿಚಯ ಇವೆರಡಕ್ಕೇ ನಿಲ್ಲುತ್ತದೆ. ಉಳಿದವನ್ನು ಕಾಣಬೇಕಾದರೆ ಬೆಂಗಳೂರಿನ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೋ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೋ ಹೋಗಬೇಕು.

ಕರ್ನಾಟಕದ ಕಾಡುಗಳೇ ವಾನರ ವೈವಿಧ್ಯಕ್ಕೆ ಹೆಸರಾದವು. ಕೋತಿ ಮತ್ತು ಮುಸುವಗಳಲ್ಲದೆ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಸಿಂಗಳೀಕ, ಕೊಡಗಿನ ಎತ್ತರದ ಕಾಡಿನಲ್ಲಿ ನೀಲಗಿರಿ ಮುಸುವ ವಾಸಿಸುತ್ತವೆ. ಇರುಳಿನಲ್ಲಿ ಮಾತ್ರ ಸಂಚರಿಸುವ, ಬಾಲವಿಲ್ಲದ ಕಾಡುಪಾಪ ಮಂಗವಲ್ಲ. ಆದರೂ ಅದೇ ದೊಡ್ಡ ಕುಟುಂಬದ ದೂರದ ಬಂಧು. ತುಮಕೂರು ಜಿಲ್ಲೆಯ ನಾಗವಲ್ಲಿ ಕಾಡುಪಾಪಗಳಿಗೆ ಪ್ರಸಿದ್ಧ.

ಮೈಸೂರು ಮೃಗಾಲಯವು 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ ಸ್ಥಾಪನೆಯಾಯಿತು. ಜರ್ಮನಿಯ ಉದ್ಯಾನ ತಜ್ಞ ಜಿ.ಎಚ್. ಕ್ರುಂಬಿಗಲ್ ಅದರ ವಿನ್ಯಾಸದಲ್ಲಿ ಪಾಲ್ಗೊಂಡಿದ್ದರು. ಆ ಕಾಲದಲ್ಲಿ ಜಗತ್ತಿನ ಎಲ್ಲೆಡೆ ಮಂಗಗಳೆಂದರೆ ಸಾಲು ಸಾಲು ಕಬ್ಬಿಣದ ಪಂಜರಗಳು. ಒಂದೊಂದರಲ್ಲಿ ಒಂದೊಂದು ಜಾತಿ, ಹೊರಗೆ ಒಂದು ಹೆಸರಿನ ಫಲಕ. ಎಷ್ಟು ಜಾತಿ ಎಂಬುದೇ ಹಿರಿಮೆಯಾಗಿತ್ತು. ಈ ಎಣಿಕೆಯ ಮೋಹ ಇಂದಿಗೂ ಪೂರ್ತಿ ತೊಲಗಿಲ್ಲವೆನ್ನಬೇಕು.

ಎಣಿಕೆ ಏಕೆ ಸಾಲದು ಎಂಬುದಕ್ಕೆ ಪೋಲೊ ಎಂಬ ಗೊರಿಲ್ಲಾ ನಿದರ್ಶನ. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಮೈಸೂರಿಗೆ ಬಂದ ಪೋಲೊ, ದೇಶದ ಏಕೈಕ ಗೊರಿಲ್ಲಾ ಎಂಬ ಖ್ಯಾತಿಯೊಡನೆ ದೀರ್ಘಕಾಲ ಒಂಟಿಯಾಗಿ ಬದುಕಿ 2014ರಲ್ಲಿ ಮರಣ ಹೊಂದಿತು. ಗುಂಪಿನಲ್ಲಿ ಬಾಳುವ ಪ್ರಾಣಿಗೆ ಖ್ಯಾತಿ ಸಂಗಾತಿಯಾಗದು. 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳನ್ನು ಜೊತೆಯಾಗಿಯೇ ತರಲಾಯಿತು. ಅದೇ ವರ್ಷ ಒರಾಂಗುಟಾನ್‌ಗಳೂ ಬಂದವು. ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳನ್ನು ಜನ ಮಂಗಗಳೆಂದೇ ಕರೆದರೂ ಇವು ಬಾಲವಿಲ್ಲದ ಬೇರೆಯೇ ಗುಂಪಿನವು. ಬನ್ನೇರುಘಟ್ಟಕ್ಕೆ 2025ರಲ್ಲಿ ದಕ್ಷಿಣ ಅಮೆರಿಕ ಮೂಲದ ಕಪುಚಿನ್ ಮಂಗಗಳು ಬಂದಿವೆ.

ಹಲವು ಜಾತಿಗಳನ್ನು ಸಾಕುವುದೆಂದರೆ ಹಲವು ಅಡುಗೆಮನೆಗಳನ್ನು ನಡೆಸಿದಂತೆ. ಮುಸುವದ ಹೊಟ್ಟೆ ಹಲವು ಕೋಣೆಗಳುಳ್ಳದ್ದು; ಎಲೆಗಳನ್ನು ಹುಳಿಸಿ ಅರಗಿಸಿಕೊಳ್ಳಲು ರೂಪುಗೊಂಡದ್ದು. ಅದಕ್ಕೆ ಬ್ರೆಡ್ಡು, ಸಿಹಿ ಹಣ್ಣು ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಸಂಚಕಾರ. ಅಮೆರಿಕ ಖಂಡದ ಮಾರ್ಮೊಸೆಟ್ ಮರದ ತೊಗಟೆ ಕೊರೆದು ಅಂಟು ನೆಕ್ಕುವ ಪುಟ್ಟ ಮಂಗ; ಕೊಂಬೆಯಲ್ಲಿ ತೂತು ಕೊರೆದು ಅಂಟು ತುಂಬಿಟ್ಟರೆ ಅದರ ಸಹಜ ಸ್ವಭಾವಕ್ಕೆ ಕೆಲಸ ಸಿಗುತ್ತದೆ. ಆ ಖಂಡದ ಮಂಗಗಳಿಗೆ ಡಿ3 ಜೀವಸತ್ವ ದೊರೆಯದಿದ್ದರೆ ಮೂಳೆಗಳು ಮೆತ್ತಗಾಗುತ್ತವೆ. ಮೃಗಾಲಯದ ಬೇಲಿಯಾಚೆಗೆ ಪ್ರೀತಿಯಿಂದ ಎಸೆದ ಒಂದು ಹಿಡಿ ಕಡಲೆಪುರಿ ಏಕೆ ಅಪರಾಧವೆಂಬುದು ಇದರಿಂದ ತಿಳಿಯುತ್ತದೆ.

ರೋಗಭಯವೂ ಸಣ್ಣದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಉಣ್ಣೆಗಳ ಮೂಲಕ ಹರಡುವ ಮಂಗನ ಕಾಯಿಲೆ ಬೆಳಕಿಗೆ ಬಂತು. ಮನುಷ್ಯರಿಂದ ಮಂಗಗಳಿಗೆ ಹರಡುವ ರೋಗಗಳೂ ಇವೆ; ಕ್ಷಯ ಅವುಗಳಲ್ಲೊಂದು. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಗೊರಿಲ್ಲಾಗಳಿಗೆ ಕೋವಿಡ್ ತಗುಲಿತ್ತು.

ವಿವಿಧ ಜಾತಿಗಳನ್ನು ಸಾಕುವುದಕ್ಕೆ ಅರ್ಥ ಬರುವುದು ಅಳಿವಿನಂಚಿನ ಜಾತಿಗಳು ಅಲ್ಲಿ ಸಂತಾನ ಬೆಳೆಸಿದಾಗ. ಬ್ರೆಜಿಲ್‌ನ ಚಿನ್ನದ ಬಣ್ಣದ ಸಿಂಹ ಟಾಮರಿನ್ 1970ರ ದಶಕದಲ್ಲಿ ಕಾಡಿನಲ್ಲಿ ಇನ್ನೂರರ ಆಸುಪಾಸಿಗೆ ಇಳಿದಿತ್ತು. ಮೃಗಾಲಯಗಳಲ್ಲಿ ಹುಟ್ಟಿದ ಮರಿಗಳನ್ನು 1984ರಿಂದ ಕಾಡಿಗೆ ಬಿಡಲಾಯಿತು. 2023ರ ಎಣಿಕೆಯಲ್ಲಿ ಸಂಖ್ಯೆ ಸುಮಾರು 4,800 ಮುಟ್ಟಿತು. ನೆದರ್ಲೆಂಡಿನ ಆಪೆಲ್‌ಡೋರ್ನ್‌ನಲ್ಲಿ 1971ರಲ್ಲಿ ತೆರೆದ ಆಪೆನ್‌ಹಾಯ್ಲ್ ಉದ್ಯಾನ ಮುಖ್ಯವಾಗಿ ವಾನರಗಳಿಗೇ ಮೀಸಲು. ಅಲ್ಲಿ ಹಲವು ಜಾತಿಯ ಮಂಗಗಳು ಪಂಜರವಿಲ್ಲದೆ ಜನರ ನಡುವೆಯೇ ಓಡಾಡುತ್ತವೆ.

ನಮ್ಮಲ್ಲಿ ಅಂಥ ಹೊಣೆಗೆ ಸಿಂಗಳೀಕವೇ ಮೊದಲ ಹಕ್ಕುದಾರ. ಬೆಳ್ಳಿ ಬಣ್ಣದ ಕೇಸರ, ತುದಿಗೆ ಕುಚ್ಚಿರುವ ಬಾಲದ ಈ ಕಪ್ಪು ಮಂಗ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ಹೆಣ್ಣು ಹಡೆಯುವುದು ಒಮ್ಮೆಗೆ ಒಂದೇ ಮರಿ, ಅದೂ ಎರಡು ಮೂರು ವರ್ಷಕ್ಕೊಮ್ಮೆ. ಕೇಂದ್ರ ಮೃಗಾಲಯ ಪ್ರಾಧಿಕಾರದ ಸಂತಾನಾಭಿವೃದ್ಧಿ ಯೋಜನೆಯಲ್ಲಿ ಚೆನ್ನೈನ ವಂಡಲೂರು ಮುಖ್ಯ ಕೇಂದ್ರವಾಗಿದ್ದು, ಮೈಸೂರು ಪಾಲುದಾರ ಮೃಗಾಲಯವಾಗಿದೆ. ರಕ್ತಸಂಬಂಧದೊಳಗೇ ಮರಿಗಳಾಗದಂತೆ ವಂಶಾವಳಿ ಪುಸ್ತಕ ಇಟ್ಟು ಜೋಡಿ ಕೂಡಿಸಬೇಕಾಗುತ್ತದೆ. ಕಾಡಿನಲ್ಲಿ ನೆಲೆ ಉಳಿಸಲು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಪ್ರದೇಶವನ್ನೂ 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನೂ ಘೋಷಿಸಲಾಯಿತು.

ಇದೆಲ್ಲದರ ನಡುವೆ ನಂದಿ ಬೆಟ್ಟದ ಕೋತಿಯನ್ನು ಯಾರೂ ಅಪರೂಪವೆಂದು ಎಣಿಸುವುದಿಲ್ಲ. ಆದರೆ ಅದೂ ದಕ್ಷಿಣ ಭಾರತಕ್ಕೇ ಸೀಮಿತವಾದ ಜಾತಿ. ಹೆದ್ದಾರಿ ಅಗಲಗೊಂಡು ಸಾಲುಮರಗಳು ಹೋದಂತೆ ಮೈಸೂರು ಸುತ್ತಲಿನ ರಸ್ತೆ ಬದಿಯ ಕೋತಿ ಗುಂಪುಗಳು ತೀವ್ರವಾಗಿ ಕುಸಿದುದನ್ನು ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಉತ್ತರದಿಂದ ಇಳಿದು ಬರುತ್ತಿರುವ ಕೆಂಪು ಮುಖದ ರೀಸಸ್ ಕೋತಿ ಅದರ ನೆಲೆಯನ್ನು ಆಕ್ರಮಿಸುತ್ತಿದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈಗ ಅದು ಅಪಾಯಕ್ಕೊಳಗಾಗಬಲ್ಲ ಜಾತಿಯಾಗಿ ದಾಖಲಾಗಿದೆ.