ಒಂದೇ ಲೋಟದ ನೀರು, ಮನೆಯೊಳಗಿನ ಹಾಡು



ನಮ್ಮ ಕೇರಿ ಹುಡುಗರು ಈಗ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಆಫ್ ಮಾಡಿ, ಒಂದು ಗಿಟಾರ್ ಇಟ್ಕೊಂಡು ಮನೆಯಲ್ಲೇ ಹಾಡು ರೆಕಾರ್ಡ್ ಮಾಡ್ತಿದ್ದಾರೆ. ಅವರು ಓದಲಿ ಅಂತ ಇದನ್ನ ಬರೀತಿದ್ದೀನಿ.

1941ರ ಆಗಸ್ಟ್. ಅಮೆರಿಕದ ಮಿಸಿಸಿಪ್ಪಿ ರಾಜ್ಯ, ಕ್ಲಾರ್ಕ್ಸ್‌ಡೇಲ್ ಊರಿನ ಹತ್ತಿರ ಸ್ಟೋವಾಲ್ ಅನ್ನೋ ಬಿಳಿಯರ ಹತ್ತಿ ಜಮೀನು. ಅಲ್ಲಿ ದುಡೀತಿದ್ದ ಕಪ್ಪು ಯುವಕ ಮಡ್ಡಿ ವಾಟರ್ಸ್. ಯಾರೋ ಬಿಳಿಯ ತನ್ನನ್ನ ಹುಡುಕ್ತಿದ್ದಾನೆ ಅಂದಾಗ ಅವನಿಗೆ ನಡುಕ. ಯಾಕಂದ್ರೆ ಅವನು ಕಳ್ಳಭಟ್ಟಿ ಮಾರ್ತಿದ್ದ, ಬಂದವನು ಅಬ್ಕಾರಿಯವನೇ ಅಂದ್ಕೊಂಡ. ಬಂದಿದ್ದವನು ಅಲನ್ ಲೋಮ್ಯಾಕ್ಸ್, ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಜನಪದ ಹಾಡು ಸಂಗ್ರಹಿಸ್ತಿದ್ದವನು. ಲೋಮ್ಯಾಕ್ಸ್ ನೀರು ಕೇಳಿ, ಮಡ್ಡಿ ಕುಡಿದ ಅದೇ ಲೋಟದಲ್ಲಿ ಕುಡಿದನಂತೆ. ಬಿಳಿಯನೊಬ್ಬ ಹೀಗೆ ಮಾಡ್ತಾನಾ, ಇದು ಅತಿಯಾಯ್ತು ಅಂತ ಮಡ್ಡಿಗೆ ಅನುಮಾನ ಇನ್ನೂ ಹೆಚ್ಚಾಯ್ತು! ಹೋಟೆಲಲ್ಲಿ ಬೇರೆ ಲೋಟ ಇಟ್ಟ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮಡ್ಡಿಯ ಗುಡಿಸಲಲ್ಲೇ ಯಂತ್ರ ಹೂಡಿದರು. ದನಿಗೊಂದು, ಗಿಟಾರಿಗೊಂದು ಟ್ರ್ಯಾಕ್ ಅನ್ನೋದೆಲ್ಲ ಇಲ್ಲ. ಹಾಡ್ತಿರುವಾಗಲೇ ಸೂಜಿ ಪ್ಲೇಟನ್ನ ಕೊರೀತಾ ಹೋಗುತ್ತೆ. ತಪ್ಪಿದ್ರೆ ಅಳಿಸೋಕಾಗಲ್ಲ, ಮೊದಲಿಂದ ಹಾಡಬೇಕು. ಹಾಡಿದ್ದನ್ನ ತಿರುಗಿ ಹಾಕಿದಾಗ ಮಡ್ಡಿ ಬೆರಗಾದ. ಅದು ಅವನದೇ ದನಿ, ಅಂಗಡಿಯಲ್ಲಿ ಸಿಗೋ ರೆಕಾರ್ಡಿನವರ ಹಾಗೇ ಕೇಳಿಸ್ತಿತ್ತು. ನಾನೂ ಹಾಡುಗಾರ ಅನ್ನೋ ನಂಬಿಕೆ ಬಂದದ್ದು ಆವತ್ತೇ ಅಂತ ಮುಂದೆ ಹೇಳ್ಕೊಂಡ. 1943ರಲ್ಲಿ ಕೂಲಿ ಗಂಟೆಗೆ ಇಪ್ಪತ್ತೆರಡೂವರೆ ಸೆಂಟಿಂದ ಇಪ್ಪತ್ತೈದಕ್ಕೆ ಏರಿಸಿ ಅಂತ ಕೇಳಿದ. ಮೇಲ್ವಿಚಾರಕ ಒಪ್ಪಲಿಲ್ಲ. ಮಡ್ಡಿ ಷಿಕಾಗೋ ರೈಲು ಹತ್ತಿದ. ಆ ಮನೆಯಲ್ಲಿ ಹಾಡಿದ್ದ ಒಂದು ಹಾಡು 1948ರಲ್ಲಿ ಹೊಸ ಹೆಸರಲ್ಲಿ, ಎಲೆಕ್ಟ್ರಿಕ್ ಗಿಟಾರಿನ ಜೊತೆ ಬಂದು ಹಿಟ್ ಆಯ್ತು.

ಇಷ್ಟು ಕತೆ ಬ್ಲೂಸ್ ಕೇಳೋರಿಗೆಲ್ಲ ಗೊತ್ತು. ಆದರೆ ಆವತ್ತು ಆ ಮನೆಯಲ್ಲಿ ಇನ್ನೊಬ್ಬರು ಇದ್ದರು. ಜಾನ್ ವರ್ಕ್, ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ಸಂಗೀತ ವಿದ್ವಾಂಸ. ಮಿಸಿಸಿಪ್ಪಿಯ ಕಪ್ಪು ಜನರ ಹಾಡುಗಳನ್ನ ಸಂಗ್ರಹಿಸಬೇಕು ಅಂತ 1940ರಲ್ಲೇ ಯೋಜನೆ ಹಾಕಿದವರು ಅವರು. ಯಂತ್ರ, ದುಡ್ಡು, ಸರ್ಕಾರದ ಮುದ್ರೆ ಇದ್ದದ್ದು ಲೋಮ್ಯಾಕ್ಸ್ ಕೈಲಿ. ಲೋಮ್ಯಾಕ್ಸ್ ಲೋಟ ಹಂಚ್ಕೊಂಡ, ಸುಳ್ಳಲ್ಲ. ಹೆಸರು ಹಂಚ್ಕೊಳ್ಳಲಿಲ್ಲ. 1993ರಲ್ಲಿ ಬಂದ ಅವನ ಪುಸ್ತಕಕ್ಕೆ ದೊಡ್ಡ ಪ್ರಶಸ್ತಿ ಬಂತು. ಅದರಲ್ಲಿ ವರ್ಕ್ ಅವರಿಗೆ ಸಿಕ್ಕ ಜಾಗ ತೀರಾ ಕಮ್ಮಿ.

ಕಳೆದೇ ಹೋಯ್ತು ಅಂದ್ಕೊಂಡಿದ್ದ ವರ್ಕ್ ಅವರ ಹಸ್ತಪ್ರತಿ ಕೊನೆಗೆ ಸಿಕ್ಕಿದ್ದು ಲೋಮ್ಯಾಕ್ಸ್ ಸಂಗ್ರಹದಲ್ಲೇ. 2005ರಲ್ಲಿ ಅಚ್ಚಾಯ್ತು. ವರ್ಕ್ ತೀರಿಕೊಂಡದ್ದು 1967ರಲ್ಲಿ.